ಕಿಟಕಿಯಿಂದ ಕೊಟ್ಟ ಚೀಲ

ಮೊನ್ನೆ ಕೊಯಮತ್ತೂರಿನ ಆರ್.ಎಸ್. ಪುರಂನ ಒಂದು ಬೇಕರಿಯ ಮುಂದೆ ಹಾದುಹೋಗುವಾಗ ಬ್ರಾಂಡಿಯಲ್ಲಿ ನೆನೆದ ಒಣದ್ರಾಕ್ಷಿಯ ವಾಸನೆ ಬಂತು. ಕ್ರಿಸ್‌ಮಸ್ ಕೇಕಿನ ಸೀಸನ್. ಅಲ್ಲೇ ನಿಂತೆ...

ಆ ಕೇಕನ್ನು ನನಗೆ ಕಲಿಸಿದ್ದು ಮೈಸೂರಿನ ಕಾನ್ವೆಂಟಿನ ಸಿಸ್ಟರ್‌ಗಳು. ಮದುವೆಯಾಗಿ ತಮಿಳುನಾಡಿನ ಸಿರುಮುಗೈಯ ಕನ್ನಡ ನೇಕಾರರ ಬೀದಿಗೆ ಬಂದ ಮೇಲೂ, ಟೀಚರಾಗಿ ರಿಟೈರಾದ ಮೇಲೂ ವರ್ಷಕ್ಕೊಮ್ಮೆ ಮಾಡಿ ಬೀದಿಗೆಲ್ಲ ಹಂಚುತ್ತಿದ್ದೆ. ಒಳಗೆ ಏನು ಹಾಕಿದ್ದೇನೆಂದು ಹೇಳುತ್ತಿರಲಿಲ್ಲ. ಹೇಗೆ ಹೇಳಲಿ? ಆ ಬೀದಿಯ ಗಂಡಸರಿಗೆ ಕುಡಿತದ ಮೇಲೆ ಲೆಕ್ಚರ್ ಕೊಡುತ್ತಿದ್ದವಳೇ ನಾನು.

ಹಿಂದಿನ ಮನೆಯ ನೇಕಾರರ ಮಗಳು ಸ್ಪೋಕನ್ ಇಂಗ್ಲಿಷ್ ಕಲಿಯಲು ಸಂಜೆ ನನ್ನ ಹತ್ತಿರ ಬರುತ್ತಿದ್ದಳು. ಹತ್ತೊಂಬತ್ತು ವರ್ಷ. ಆ ಮನೆಯಿಂದ ಕಾಲೇಜಿಗೆ ಹೋದವರಲ್ಲಿ ಮೊದಲನೆಯವಳು. ಮಗ್ಗದ ಸದ್ದಿನಲ್ಲಿ ಬೆಳೆದವಳಲ್ಲವೆ, ಮಾತು ಸ್ವಲ್ಪ ಜೋರು. ಮುದ್ದಿಗೆ ನಾನು ಅವಳನ್ನು ಕಣ್ಣು ಎಂದು ಕರೆಯುತ್ತಿದ್ದೆ.

ಕೆಲವು ವರ್ಷದ ಹಿಂದೆ ಒಂದು ದಿನ ಕೊಯಮತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಗಿದ್ದಾಗ ನಮ್ಮ ಕಡೆ ಎಲ್ಲರೂ ಮಾಡುವುದು ಒಂದೇ. ಒಳಗೆ ಕೂತವರ ಮಡಿಲಿಗೆ ಕಿಟಕಿಯಿಂದ ಚೀಲ ಕೊಟ್ಟು, ಆಮೇಲೆ ಬಾಗಿಲಲ್ಲಿ ನುಗ್ಗುವುದು. ನಮ್ಮೂರ ಬಸ್ಸಿನ ಹಿಂದಿನ ಕಿಟಕಿಯಲ್ಲಿ ಅವಳ ಮುಖ ಕಂಡಿತು, ಚೀಲ ಕೊಟ್ಟೆ.

"ಏನ್ ಟೀಚರ್, ಇಷ್ಟು ಕನ, ಇಷ್ಟು ಭಾರ! ಅರೆಯೋ ಅಮ್ಮಿಕಲ್ಲಾ ಒಳಗೆ?"

"ಕೇಕ್ ಸಾಮಾನು, ಕಣ್ಣು. ಭದ್ರವಾಗಿ ಹಿಡ್ಕೋ."

ಮುಂದೆ ಯಾರೋ ನನಗೆ ಸೀಟು ಬಿಟ್ಟರು. ಚೀಲ ಹಿಂದೆಯೇ ಉಳಿಯಿತು. ಎಲೆಕ್ಷನ್ ಸಮಯ, ದಾರಿಯಲ್ಲಿ ಪೊಲೀಸರು ಬಸ್ ನಿಲ್ಲಿಸಿ ಚೀಲಗಳನ್ನು ತೆರೆಸಿದರು. ದ್ರಾಕ್ಷಿ, ಲವಂಗ, ಅದರ ಕೆಳಗೆ ನನ್ನ ತಮ್ಮ ಮಿಲಿಟರಿ ಕ್ಯಾಂಟೀನಿನಿಂದ ತಂದುಕೊಟ್ಟಿದ್ದ ಬ್ರಾಂಡಿ ಬಾಟಲಿ.

"ಯಾರ್ ಪೈಮ್ಮಾ ಇದು? ಕಾಲೇಜ್ ಪೊಣ್ಣಾ ನೀ?" ಚೀಲ ಯಾರದು, ಕಾಲೇಜು ಹುಡುಗಿಯಾ ಎನ್ನುತ್ತ ಪೊಲೀಸರು ಅವಳ ಐಡಿ ಕಾರ್ಡು ಕೇಳಿದರು. ಇಲ್ಲಿ ಬಾಟಲಿ ಇಟ್ಟುಕೊಳ್ಳಲು ಇಪ್ಪತ್ತೊಂದು ತುಂಬಿರಬೇಕು, ಅವಳಿಗೆ ತುಂಬಿರಲಿಲ್ಲ. ನನ್ನ ಕೈಯಲ್ಲಿದ್ದರೆ ಆ ಬಾಟಲಿ ಕೇಕಿನ ಸಾಮಾನು, ಅವಳ ಮಡಿಲಲ್ಲಿ ಅದು ಕೇಸು.

ತಿರುಗಿ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಮುಖ ತಿರುಗಿಸಿ ರಸ್ತೆ ನೋಡಿದೆ... ಯಾರೋ ಕೊಟ್ಟರು ಸಾರ್ ಎಂದು ಅವಳು ತಮಿಳಿನಲ್ಲಿ ಹೇಳಿದ್ದು ಕೇಳಿಸಿತು. ಅವಳನ್ನು ಇಳಿಸಿಕೊಂಡರು. ಬಸ್ ಹೊರಟಿತು. ನಾನು ಒಳಗೇ ಇದ್ದೆ.

ವಾರದ ಮೇಲೆ ಅವಳ ತಾಯಿ ವಕೀಲರ ಆಫೀಸಿಗೆ ನನ್ನನ್ನೇ ಜೊತೆಗೆ ಕರೆದರು. "ನೀವಿದ್ರೆ ನಮಗೆ ಧೈರ್ಯ, ಟೀಚರಮ್ಮಾ."

ವಕೀಲರು ಮನೆಯವರ ಹಾಗೆಯೇ ಅವಳನ್ನು ಪಾಪಾ ಎಂದು ಕರೆದು ಸಮಾಧಾನವಾಗಿ ಹೇಳಿದರು. ಸೀಲು ಒಡೆದಿಲ್ಲ. ಹುಡುಗಿ ಕುಡಿದಿಲ್ಲ. ಜಪ್ತಿ ಕಾಗದಕ್ಕೆ ಹೊರಗಿನ ಸಾಕ್ಷಿಯ ಸಹಿ ಇಲ್ಲ. "ಮಡಿಲಲ್ಲಿ ಇರೋದು ಬೇರೆ, ತಿಳಿದು ಇಟ್ಕೊಳ್ಳೋದು ಬೇರೆ, ಪಾಪಾ. ವಾದ ಮಾಡಿ ಗೆಲ್ತೀನಿ, ಆದ್ರೆ ವರ್ಷ ಹಿಡೀತದೆ. ಚೀಲ ನಂದು ಅಂತ ಒಬ್ರು ಬಂದು ಹೇಳಿದ್ರೆ ಇವತ್ತೇ ಕಾಲೇಜಿಗೆ ಲೆಟರ್ ಬರೀತೀನಿ, ಹೆಸರು ತೆಗೀಬೇಡಿ ಅಂತ. ಕೊಟ್ಟದ್ದು ಯಾರು?"

ಅವಳು ನನ್ನ ಕಡೆ ನೋಡಲಿಲ್ಲ. ತುಂಬ ಹೊತ್ತು ಸುಮ್ಮನಿದ್ದು, "ಮುಖ ಕಾಣ್ಲಿಲ್ಲ ಸಾರ್" ಎಂದಳು. ಆ ಹೊತ್ತನ್ನು ಅವಳು ನನಗಾಗಿ ಬಿಟ್ಟುಕೊಟ್ಟಿದ್ದಳು. ನಾನು ಮಾಡಿದ್ದೇನು? ಪೆನ್ನು ತೆಗೆದು, ಕಾನ್ವೆಂಟಿನ ನನ್ನ ದುಂಡು ಅಕ್ಷರದಲ್ಲಿ ಅವಳಿಗೊಂದು ಕ್ಯಾರೆಕ್ಟರ್ ಸರ್ಟಿಫಿಕೇಟ್ ಬರೆದುಕೊಟ್ಟೆ. ಟ್ರುತ್‌ಫುಲ್ ಎಂದು ಬರೆದೆ.

ವಕೀಲರು ಗೆದ್ದರು, ಅವರು ಹೇಳಿದ ಹಾಗೆಯೇ ವರ್ಷದ ಮೇಲೆ. ಅಷ್ಟರಲ್ಲಿ ಕಾಲೇಜು ಅವಳ ಹೆಸರು ತೆಗೆದಾಗಿತ್ತು. ಮನೆಯವರು ತಿರುಪ್ಪೂರಿಗೆ ಮದುವೆ ಮಾಡಿ ಕಳಿಸಿಯೂ ಆಗಿತ್ತು.

ಕೊನೆಯ ಸಲ ಅವಳನ್ನು ಕಂಡದ್ದು ಅಲ್ಲಿನ ಟೌನ್ ಬಸ್ಸಿನಲ್ಲಿ. ಬನಿಯನ್ ಕಂಪನಿಯ ಶಿಫ್ಟು ಮುಗಿಸಿ ಬಂದಿದ್ದಳು, ಕೂದಲ ತುಂಬ ಹತ್ತಿಯ ಎಳೆ. ನನಗೆ ಸೀಟಿತ್ತು, ಅವಳು ನಿಂತಿದ್ದಳು. ಕೈಯಲ್ಲಿ ಟಿಫಿನ್ ಚೀಲ. ನಾನು ಎರಡೂ ಕೈ ಚಾಚಿದೆ.

"ಕೊಡು ಕಣ್ಣು, ಹಿಡ್ಕೋತೀನಿ."

"ಬೇಡ ಟೀಚರ್," ನಕ್ಕಳು. "ಕನ ಇಲ್ಲ."

ಇಳಿಯುವ ತನಕ ಅದನ್ನು ಎದೆಗೆ ಒತ್ತಿಕೊಂಡೇ ನಿಂತಿದ್ದಳು. ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಸ್ಟಾಪು ಬಂತು... ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಳು.

ಮೊನ್ನೆ ಬೇಕರಿಯಿಂದ ಮನೆಗೆ ಬಂದಾಗ ಅವಳ ತಾಯಿ ಜಗುಲಿಯಲ್ಲಿ ಕೂತಿದ್ದರು. "ಈ ಸಲಾನೂ ಕೇಕ್ ಇಲ್ವಾ ಟೀಚರಮ್ಮಾ? ನಮ್ಮ ಪಾಪಾಗೆ ಎಷ್ಟು ಇಷ್ಟ ಅದು."

ಓವನ್ ಕೆಟ್ಟಿದೆ ಎಂದೆ.

ಅದಕ್ಕೇ ಇದನ್ನು ಬರೆಯಲು ಕೂತೆ. ಮನೆಯಲ್ಲಿ ಕನ್ನಡವನ್ನೇ ಆಡುವ ಆ ತಾಯಿಗೆ ಕನ್ನಡ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಬರೆದಿದ್ದೇನೆ.