ಹತ್ತಕ್ಕೆ ಹತ್ತೂ ಸತ್ತವು

ಜಯನಗರದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಮರೆಪ್ಪ ಅಟೆಂಡರ್ ಆಗಿ ಸೇರಿದಾಗ ಅವನಿಗೆ ಇಪ್ಪತ್ತಾರು ವರ್ಷ. ಗಾಜಿನ ಸಾಮಾನು ತೊಳೆಯುವುದು, ಬೀಗ ಹಾಕುವುದು ಅವನ ಕೆಲಸ. ಆದರೆ ಉಪ್ಪುನೀರಿನ ಸೀಗಡಿಯನ್ನು ಮರಿ ಮಾಡಿಸುವುದರಲ್ಲಿ ಅವನನ್ನು ಮೀರಿಸುವವರು ಅಲ್ಲಿರಲಿಲ್ಲ. ಅದರ ಒಣ ಮೊಟ್ಟೆಗಳು ನೋಡೋಕೆ ಕಾಫಿಪುಡಿಯ ಹಾಗೆ, ವರ್ಷಗಟ್ಟಲೆ ಡಬ್ಬಿಯಲ್ಲಿ ಸತ್ತಂತೆ ಬಿದ್ದಿರುತ್ತವೆ. ಹದವಾದ ಉಪ್ಪುನೀರಿಗೆ ಹಾಕಿ, ಗಾಳಿ ಊದುವ ಕೊಳವೆ ಬಿಟ್ಟು, ಮೇಲೊಂದು ಬಲ್ಬು ಹೊತ್ತಿಸಿದರೆ ಮಾರನೇ ದಿನಕ್ಕೆ ಚುಕ್ಕಿಯಂಥ ಮರಿಗಳು ಬೆಳಕಿನ ಕಡೆ ಈಜುತ್ತಿರುತ್ತವೆ. ಉಪ್ಪಿನ ಹದವನ್ನು ಮರೆಪ್ಪ ನಾಲಿಗೆಯ ತುದಿಯಲ್ಲೇ ಹೇಳುತ್ತಿದ್ದ.

ಆ ಮರಿಗಳ ಮೇಲೆ ವಿದ್ಯಾರ್ಥಿಗಳು ಗಿಡಮೂಲಿಕೆಗಳ ರಸ ಪರೀಕ್ಷೆ ಮಾಡುತ್ತಿದ್ದರು. ಸೀಸೆಗೆ ಹತ್ತು ಮರಿ, ಒಂದಷ್ಟು ರಸ. ಒಂದು ದಿನ ಬಿಟ್ಟು, ಎಷ್ಟು ಸತ್ತವು ಅಂತ ಭೂತಗನ್ನಡಿ ಹಿಡಿದು ಎಣಿಸುತ್ತಿದ್ದವನು ಮರೆಪ್ಪನೇ. ಹೆಚ್ಚು ಸತ್ತಷ್ಟೂ ಹುಡುಗರಿಗೆ ಖುಷಿ. "ಸಖತ್ ರಿಸಲ್ಟ್ ಮರೆಪ್ಪಣ್ಣ! ಇದು ಕ್ಯಾನ್ಸರ್‌ಗೂ ಆಗ್ಬೋದು" ಅಂತ ಫೋರ್ತ್ ಬ್ಲಾಕಿನಿಂದ ಮೈಸೂರುಪಾಕು ತಂದು ಹಂಚುತ್ತಿದ್ದರು. ಇಪ್ಪತ್ತೆರಡು ವರ್ಷ ಅವನು ಆ ಸಿಹಿ ತಿಂದಿದ್ದ.

ಅವನ ಹೆಂಡತಿ ಈಶ್ವರಮ್ಮ ಜರಗನಹಳ್ಳಿಯ ಬಾಡಿಗೆ ಮನೆಯಲ್ಲೇ ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದಳು. ಒಂದು ಬೇಸಿಗೆಯಲ್ಲಿ ಅವಳ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. "ಬೇಗ ಬಂದಿದ್ದೀರ. ಆರು ಸಲ ಕೀಮೋ ಮುಗಿಸಿದ್ರೆ ಹುಷಾರಾಗೋ ಭರವಸೆ ಚೆನ್ನಾಗಿದೆ" ಅಂದರು ಡಾಕ್ಟರು.

ಎರಡು ಮುಗಿಯುವಷ್ಟರಲ್ಲಿ ಈಶ್ವರಮ್ಮನ ಕೂದಲು ಉದುರಿತು. ಬಾಯಿ ತುಂಬ ಹುಣ್ಣಾಗಿ ಗಂಜಿಯೂ ಇಳಿಯದಾಯಿತು. "ನನ್ ಕೈಲಾಗಲ್ಲ ರೀ" ಅಂತ ಗೋಡೆಗೆ ಮುಖ ಮಾಡಿ ಅತ್ತಳು. ಆಗಲೇ ಪಕ್ಕದ ಮನೆಯವರು ಕ್ಯಾನ್ಸರ್‌ಗೆ ಆಗುತ್ತದೆಂದು ಯಾರೋ ನಾಟಿ ವೈದ್ಯರ ಹತ್ತಿರದಿಂದ ಬೇರಿನ ಪುಡಿ ತಂದುಕೊಟ್ಟರು.

ಕಂಡವರು ಕೊಟ್ಟಿದ್ದನ್ನೆಲ್ಲ ನಂಬುವ ಮನುಷ್ಯನಲ್ಲ ಮರೆಪ್ಪ. ಪುಡಿಯನ್ನು ಲ್ಯಾಬಿಗೇ ಒಯ್ದ. ನೆನೆಸಿ, ಸೋಸಿ, ಹತ್ತು ಮರಿಗಳ ಸೀಸೆಗೆ ಕೆಲವೇ ಹನಿ ಬಿಟ್ಟ. ಬರೀ ಉಪ್ಪುನೀರಿನ ಸೀಸೆಯೊಂದನ್ನೂ ಲ್ಯಾಬಿನ ಕ್ರಮದಂತೆ ಪಕ್ಕದಲ್ಲಿ ಇಟ್ಟ. ಮಾರನೇ ದಿನ ಉಪ್ಪುನೀರಿನಲ್ಲಿ ಹತ್ತೂ ಈಜುತ್ತಿದ್ದವು, ಪುಡಿ ಬಿದ್ದ ಸೀಸೆಯಲ್ಲಿ ಹತ್ತೂ ತಳ ಸೇರಿದ್ದವು. ಮೂರು ಸಲ ಮಾಡಿ ನೋಡಿದ. ಮೂರು ಸಲವೂ ಹಾಗೇ.

ಬನಶಂಕರಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ರೂಪಕಲಾ ಕೀಮೋ ಬಿಟ್ಟು ಪುಡಿ ಕೊಡಲು ಒಪ್ಪಲಿಲ್ಲ. "ಡಾಕ್ಟ್ರನ್ನ ಒಂದ್ಮಾತು ಕೇಳಪ್ಪ."

"ಇಪ್ಪತ್ತೆರಡು ವರ್ಷದಿಂದ ಇದೇ ನೋಡ್ತಿದೀನಿ. ನಂಗೊತ್ತಿಲ್ವಾ?"

"ಸುಮ್ನಿರೇ, ನಿಮ್ಮಪ್ಪನೇ ಲ್ಯಾಬಲ್ಲಿ ನೋಡವ್ರೆ" ಅಂದಳು ಈಶ್ವರಮ್ಮ. ಗಂಡನ ಬಗ್ಗೆ ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಮೂರನೇ ಕೀಮೋಗೆ ಅವರು ಹೋಗಲಿಲ್ಲ. ಈಶ್ವರಮ್ಮ ದಿನಾ ಪುಡಿ ಕದಡಿದ ನೀರು ಕುಡಿದಳು. ಬಾಯಿಹುಣ್ಣು ಮಾಯಿತು, ತಲೆಯಲ್ಲಿ ಕೂದಲು ಚಿಗುರಿತು, ಮುದ್ದೆ ಸಾರು ಕೇಳಿ ಉಂಡಳು. ಆ ನಾಲ್ಕು ತಿಂಗಳು ಮರೆಪ್ಪ ಗೆದ್ದವನ ಹಾಗೆ ಓಡಾಡಿದ. ದೀಪಾವಳಿ ಕಳೆದ ಮೇಲೆ ಅವಳ ಕಣ್ಣು ಹಳದಿಯಾಯಿತು. "ಲಿವರ್‌ಗೆ ಹರಡಿದೆ. ಯಾಕೆ ನಿಲ್ಲಿಸಿದ್ರಿ?" ಅಂದರು ಡಾಕ್ಟರು.

ಮಾರನೇ ಬೆಳಿಗ್ಗೆ ಅವನು ವಿಭಾಗದ ಮುಖ್ಯಸ್ಥೆ ಪಂಕಜಾ ಮೇಡಂ ಮುಂದೆ ಪುಡಿಯ ಪೊಟ್ಟಣ ಇಟ್ಟು ಎಲ್ಲ ಹೇಳಿದ. ಮೇಡಂ ಪೊಟ್ಟಣ ಬಿಚ್ಚಿ ನೋಡಿದರು.

"ಮರೆಪ್ಪ, ಆ ಮರಿಗಳು ಸೋಪಿನ ನೀರಿಗೂ ಸಾಯ್ತವೆ, ಫಿನಾಯಿಲ್‌ಗೂ ಸಾಯ್ತವೆ. ಸತ್ರೆ ಇದ್ರಲ್ಲೇನೋ ವಿಷ ಇದೆ ಅಂತಷ್ಟೇ ಅರ್ಥ. ಔಷಧಿ ಅಂತಲ್ಲ. ಅಲ್ಲಿಂದಾಚೆ ಇನ್ನೂ ಎಷ್ಟೋ ವರ್ಷದ ಕೆಲ್ಸ ಇರುತ್ತೆ."

"ಮತ್ತೆ ಸ್ವೀಟ್ ಯಾಕೆ ಮೇಡಂ ಹಂಚ್ತಿದ್ರು?"

ಮೇಡಂ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಇಷ್ಟು ವರ್ಷ ಎಣಿಸೋ ಕೆಲ್ಸ ಕೊಟ್ವಿ. ಯಾಕೆ ಎಣಿಸ್ತೀವಿ ಅಂತ ನಾವ್ಯಾರೂ ನಿಮ್ಗೆ ಹೇಳ್ಲಿಲ್ಲ."

ಪುಡಿಯನ್ನು ಅವನು ಅಲ್ಲೇ ಬಿಟ್ಟು ಬಂದ. ಆದರೆ ಈಶ್ವರಮ್ಮ ಕೇಳುತ್ತಲೇ ಇದ್ದಳು. "ಅದೊಂಚೂರು ಕೊಡ್ರೀ, ಅದ್ರಲ್ಲೇ ಹುಷಾರಾಗಿದ್ದೆ." ನಿಜ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಬಿಸಿನೀರಿಗೆ ಬೆಲ್ಲ, ಚಿಟಿಕೆ ಶುಂಠಿ ಕದಡಿ ಚಮಚದಲ್ಲಿ ಕುಡಿಸಿದ. "ರುಚಿ ಬೇರೆ ಆಗೈತೆ" ಅಂದಳು. "ಹೊಸಾ ಪುಡಿ ಕಣೇ" ಅಂದ. ಅವಳು ನಂಬಿದಳು. ಸಂಕ್ರಾಂತಿಗೆ ಎರಡು ದಿನವಿರುವಾಗ ಹೋಗಿಬಿಟ್ಟಳು.

ತಿಥಿ ಮುಗಿದ ಮೇಲೆ ರೂಪಕಲಾ ಬಿಟಿಎಂ ಲೇಔಟಿನ ಪೀಜಿಗೆ ಹೊರಟುಹೋದಳು. ಮರೆಪ್ಪ ಕೆಲಸಕ್ಕೆ ಮರಳಿದ. ಈಗಲೂ ಮರಿ ಮಾಡಿಸಿಕೊಡುತ್ತಾನೆ. ಎಣಿಸಲು ಮಾತ್ರ ಒಲ್ಲೆ ಅಂದ, ಯಾರೂ ಒತ್ತಾಯಿಸಲಿಲ್ಲ.

ಭಾನುವಾರ ಭಾನುವಾರ ಮಗಳ ಫೋನ್ ಬರುತ್ತದೆ. "ಊಟ ಆಯ್ತಾ?" "ಆಯ್ತು." ಅಷ್ಟೇ. ಮೊನ್ನೆ ಮಾತ್ರ ಫೋನಿಡದೆ ಕೇಳಿದಳು.

"ಅಮ್ಮಂಗೆ ಕೊನೇಗಾದ್ರೂ ಹೇಳಿದ್ಯಾ, ಅದು ಔಷಧಿ ಅಲ್ಲ ಅಂತ?"

"ಇಲ್ಲಮ್ಮ."

"ಒಳ್ಳೇದಾಯ್ತು" ಅಂದು ಫೋನಿಟ್ಟಳು. ಅದು ಕ್ಷಮೆಯೋ ಸಿಟ್ಟೋ ಮರೆಪ್ಪನಿಗೆ ತಿಳಿಯಲಿಲ್ಲ.