ಬಾಗಿಲು ನೋಡಿ ತಂದ ಒಲೆ

ಸಂಡೂರಿನ ಹತ್ತಿರದ ಯಶವಂತನಗರಕ್ಕೆ ಬಂದ ಮೊದಲ ಮುಂಜಾನೆ ನನ್ನ ಹೆಂಡತಿ ನೀಲಮ್ಮ ಚೀರಿದಳು. ಎದ್ದು ಓಡಿದೆ. ಮಗನ ಜೊಲ್ಲು ಗಲ್ಲದ ಮೇಲೆ ಕೆಂಪಗೆ ಇಳಿದಿತ್ತು. ಇನ್ನೂ ಕೂರಲು ಕಲಿಯುತ್ತಿದ್ದ ಕೂಸು. ರಕ್ತ ಅಂದುಕೊಂಡೆ. ಎತ್ತಿಕೊಂಡು ಲುಂಗಿಯಲ್ಲೇ ಬೀದಿಗೆ ಬಂದೆ. ಪಕ್ಕದ ಮನೆಯ ಈರಮ್ಮ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ಕೊಡ ಕೆಳಗಿಟ್ಟು ಬಂದಳು. ಕೂಸಿನ ಗಲ್ಲವನ್ನು ಸೆರಗಿನಿಂದ ಒರೆಸಿ ನೋಡಿ ನಕ್ಕುಬಿಟ್ಟಳು.

"ರಕ್ತ ಅಲ್ಲಪಾ, ದೂಳು. ಬಾಯಿ ತಕ್ಕೊಂಡು ಮಲಗಿರ್ತಾನ. ನೀನೂ ಉಗುಳಿ ನೋಡು."

ಉಗುಳಿದೆ. ನನ್ನದೂ ಕೆಂಪೇ.

ಕಂಪ್ಲಿಯಲ್ಲಿ ಕೂತು ಇದನ್ನು ಓದುವವರು ನಂಬಲಿಕ್ಕಿಲ್ಲ. ನಮ್ಮೂರಲ್ಲಿ ಹೊಳೆ ಇದೆ, ಕಾಲುವೆ ಇದೆ, ಕಣ್ಣು ಹಾಯುವವರೆಗೆ ಭತ್ತ. ಕೆಂಪಗೆ ಉಗುಳುವವರು ಎಲೆಯಡಿಕೆ ಹಾಕಿದವರು ಮಾತ್ರ. "ಸಂಡೂರೇನು ದೂರ, ಹೊಸಪೇಟೆಯಲ್ಲಿ ಬಸ್ಸು ಬದಲಿಸಿದರೆ ಆಯಿತು" ಅನ್ನುತ್ತೀರಿ. ಹೌದು. ಆದರೆ ಅದಿರಿನ ಲಾರಿಗಳ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡರೆ ಮುಂಜಾನೆ ಹತ್ತಿದವನು ಸಂಜೆಗೆ ಇಳಿಯುತ್ತಾನೆ. ಆ ದಿನಗಳಲ್ಲಿ ಗುಡ್ಡವೇ ಎದ್ದು ಚೀನಾಕ್ಕೆ ಹೊರಟಿತ್ತು. ಅದನ್ನು ಬಗೆಯುವ ದೊಡ್ಡ ಯಂತ್ರ ಓಡಿಸಲು ನಾನು ಬಂದಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ರೈಸ್ ಮಿಲ್ಲಿನ ಟ್ರ್ಯಾಕ್ಟರ್ ಓಡಿಸುತ್ತಿದ್ದವನಿಗೆ ಅದು ದೊಡ್ಡ ಕೆಲಸವೇ.

ಸಿಕ್ಕಿದ್ದು ಲೈನ್ ಮನೆ. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿಗೆ ಇಲ್ಲಿ ಹಾಗೆ ಅನ್ನುತ್ತಾರೆ. ಮೇಲೆ ಸಿಮೆಂಟ್ ಶೀಟು. ಶೀಟಿಗೂ ಗೋಡೆಗೂ ನಡುವೆ ಕೈ ತೂರುವಷ್ಟು ಸಂದು. ಎದುರಿಗೆ ರಸ್ತೆ, ರಸ್ತೆಯಲ್ಲಿ ಹಗಲೂ ರಾತ್ರಿ ಲಾರಿ. ನೀಲಮ್ಮ ಹಳೆ ಸೀರೆ ಹರಿದು ಸಂದಿಗೆಲ್ಲ ತುರುಕಿದಳು. ದೂಳು ಸೀರೆಯನ್ನೂ ದಾಟಿ ಬಂತು. ಅನ್ನದಲ್ಲಿ ಬಂತು, ಹಾಲಿನ ಕೆನೆಯ ಮೇಲೆ ಬಂತು, ಕೂಸಿನ ತೊಡೆಸಂದಿನಲ್ಲಿ ಬಂತು.

ಒಲೆಯದೇ ಮೊದಲ ತಕರಾರು. ಕಂಪ್ಲಿಯಲ್ಲಿ ನಮ್ಮದು ಹೊಟ್ಟಿನ ಒಲೆ. ಬೇರೆ ಊರಿನವರಿಗೆ ಹೇಳುತ್ತೇನೆ: ತಗಡಿನ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ ಸುತ್ತ ಭತ್ತದ ಹೊಟ್ಟು ಒತ್ತಿ ತುಂಬುವುದು, ಬಾಟಲಿ ಮೆಲ್ಲಗೆ ಎಳೆದು ತೆಗೆದು ಆ ತೂತಿಗೆ ಬೆಂಕಿ ಕೊಡುವುದು. ಮಿಲ್ಲಿನಲ್ಲಿ ಹೊಟ್ಟು ಬೇಕಾದಷ್ಟು. ಇಲ್ಲಿ ಮಿಲ್ಲೇ ಇಲ್ಲ. ಕಟ್ಟಿಗೆ ಉರಿಸೋಣ ಅಂದರೆ ಮನೆ ಮಾಲೀಕ ಬಾಗಿಲಲ್ಲೇ ನಿಂತು ಹೇಳಿದ್ದ: "ಹೊಗಿ ಮಾಡಂಗಿಲ್ಲ ನೋಡಪಾ. ಸುಣ್ಣ ಹೊಡಿಸೀನಿ." ಸುಣ್ಣ ಎಂದೋ ಕೆಂಪಾಗಿತ್ತು. ಅವನಿಗೆ ಯಾರು ಹೇಳಬೇಕು.

ಈರಮ್ಮನ ಸೀಮೆಎಣ್ಣೆ ಸ್ಟೋವ್ ತಂದು ಕೆಲವು ದಿನ ತಳ್ಳಿದೆವು. ನೀಲಮ್ಮ ಒಂದು ತುತ್ತು ಬಾಯಿಗಿಟ್ಟು ರೊಟ್ಟಿಯನ್ನು ತಿರುಗಿಸಿ ನೋಡಿದಳು. "ಇದು ರೊಟ್ಟಿನೋ ಲಾಟೀನೋ? ಬತ್ತಿ ಇಟ್ರ ಹತ್ತತೈತಿ."

ಹಾಗಾಗಿ ಹೊಸಪೇಟೆಗೆ ಒಲೆ ತರಲು ಹೋದೆವು.

ಅಂಗಡಿಗೆ ಗಾಜಿನ ಬಾಗಿಲು, ಒಳಗೆ ತಂಪು ಗಾಳಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಅಲ್ಲಿದ್ದವರೆಲ್ಲ ಬೂಟು ಹಾಕಿಕೊಂಡೇ ಇದ್ದರು. ವಾಪಸ್ ಹೋಗಿ ಮೆಟ್ಟಿಕೊಂಡು ಬರಲು ನಾಚಿಕೆ. ಬರಿಗಾಲಲ್ಲೇ ನಿಂತೆ. ಹಿಂದೆ ತಿರುಗಿ ನೋಡಿದರೆ ಬಿಳಿ ಟೈಲ್ಸಿನ ಮೇಲೆ ನನ್ನ ಪಾದಗಳು ಬಾಗಿಲಿನಿಂದ ಇಲ್ಲಿಯವರೆಗೆ ಕೆಂಪಗೆ ಮೂಡಿದ್ದವು. ಕಾಲಿನಿಂದ ಉಜ್ಜಲು ಹೋದೆ. ಇನ್ನಷ್ಟು ಹರಡಿತು.

ಮಾರುವ ಹುಡುಗ ಚಾಲಾಕು. "ಬಿಡ್ರಿ ಅಣ್ಣಾ, ಮೈನ್ಸ್‌ನವರು ಬಂದ್ರ ಲಕ್ಷ್ಮಿ ಬಂದಂಗ. ಬರ್ರಿ, ಕುಂದ್ರಿ."

ತೋರಿಸಿದ. ಸ್ಟೀಲಿನ ಎರಡು ಬರ್ನರ್ ಒಲೆ. ಗಾಜಿನ ಮೂರು ಬರ್ನರ್, ಗುಂಡಿ ತಿರುಗಿಸಿದರೆ ತಾನೇ ಹತ್ತುತ್ತದೆ, ಕಡ್ಡಿ ಬೇಡ. ಕಟ್ಟೆಯ ಕಲ್ಲು ಕೊಯ್ದು ಅದರೊಳಗೆ ಹುಗಿದು ಕೂರಿಸುವ ಒಲೆ, ಅದಕ್ಕೆ ಹಾಬ್ ಅನ್ನುತ್ತಾರಂತೆ. ಆಮೇಲೆ ಓವನ್ನುಗಳು. ಓವನ್ ಅಂದರೆ ಬಾಗಿಲಿರುವ ಬೆಂಕಿಪೆಟ್ಟಿಗೆ, ಕೇಕು ಬ್ರೆಡ್ಡು ಬೇಯಿಸಲು. ಕರೆಂಟಿನದು ಬೇರೆ, ಗ್ಯಾಸಿನದು ಬೇರೆ, ಬೆಂಕಿಯೇ ಕಾಣದೆ ಬಿಸಿ ಮಾಡುವುದು ಇನ್ನೊಂದು. ನಾನು ಎಲ್ಲದಕ್ಕೂ ತಲೆ ಆಡಿಸಿದೆ. ಅರ್ಥವಾಗಿದ್ದು ಕಡ್ಡಿ ಬೇಡ ಅನ್ನುವುದು ಒಂದೇ.

ನನ್ನ ಕಣ್ಣು ಹಾಬಿನ ಮೇಲೆ. ಹುಡುಗ ಕೇಳಿದ, "ಸ್ವಂತ ಮನಿಯೇನ್ರಿ? ಕಲ್ಲು ಕೊಯ್ಯಾಕ ಮಂದಿ ಕಳಿಸ್ತೀವಿ."

"ಹೂಂ," ಅಂದೆ. "ಕಟ್ಟಸಾಕ ಹತ್ತೀವಿ."

ನೀಲಮ್ಮ ಸೆರಗು ಬಾಯಿಗೆ ಹಿಡಿದುಕೊಂಡಳು. ನಕ್ಕಳೋ ಅತ್ತಳೋ ನೋಡಲಿಲ್ಲ. ಅವಳು ಗಾಜಿನ ಒಲೆ ಮುಟ್ಟಿ ಒಂದೇ ಮಾತು ಕೇಳಿದಳು, "ಇದರ ಮ್ಯಾಲ ಹೆಂಚು ಇಡಬಹುದೇನ್ರಿ?"

"ಹೆಂಚು ಬ್ಯಾಡಕ್ಕ, ಗಾಜು ಸೀಳತೈತಿ."

"ಮತ್ತ ರೊಟ್ಟಿಗೆ?"

"ಚಪಾತಿ ಮಾಡ್ರಲಾ."

ನೀಲಮ್ಮ ಅಂಗಡಿಯ ತುದಿಗೆ ನಡೆದಳು. ಅಲ್ಲಿ ಸೊಂಟದೆತ್ತರದ ಒಂದು ಒಲೆ ಇತ್ತು. ಮೇಲೆ ನಾಲ್ಕು ಬರ್ನರ್, ದಪ್ಪ ಕಬ್ಬಿಣದ ಸರಳು. ಕೆಳಗೆ ಓವನ್. ಎರಡೂ ಸೇರಿ ಒಂದೇ ಪೆಟ್ಟಿಗೆ, ಹೆಸರು ಕುಕಿಂಗ್ ರೇಂಜ್. ಅವಳು ಬಗ್ಗಿ ಓವನ್ನಿನ ಬಾಗಿಲು ತೆಗೆದಳು. ಹಾಕಿದಳು. ಮತ್ತೆ ತೆಗೆದಳು. ಬಾಗಿಲಿನ ಸುತ್ತ ಇರುವ ರಬ್ಬರಿನ ಪಟ್ಟಿಯನ್ನು ಬೆರಳಿನಿಂದ ಒತ್ತುತ್ತಾ ಒಂದು ಸುತ್ತು ಬಂದಳು. ಮುಚ್ಚಿ ಸಂದಿಗೆ ಉಗುರು ತೂರಿಸಿ ನೋಡಿದಳು. ತೂರಲಿಲ್ಲ.

"ಇದು ತಗೊಳ್ರಿ."

ಬೆಲೆ ಬರೆಯುವುದಿಲ್ಲ. ಕೇಳಿದಾಗ ನನ್ನ ಕಿವಿ ಬಿಸಿಯಾಯಿತು. ಆದರೆ ಒಳಗೊಳಗೆ ಹಿಗ್ಗಿದೆ. ಮಿಲ್ಲಿನ ಹಮಾಲನಾಗಿದ್ದ ನಮ್ಮಪ್ಪನ ಸೊಸೆ ಕೇಕು ಮಾಡುವ ಆಸೆ ಪಟ್ಟಳು ಅಂದುಕೊಂಡೆ. ಗಣಿಯಲ್ಲಿ ಎಲ್ಲರಿಗೂ ಹೇಳಿದೆ. ಟೀ ಕುಡಿಯುವಾಗ ಹೇಳಿದೆ, ಶಿಫ್ಟ್ ಬದಲಾಗುವಾಗ ಹೇಳಿದೆ.

ರೇಂಜು ಅಡುಗೆಮನೆಯ ಅರ್ಧ ತಿಂದಿತು. ಮೇಲಿನ ಸರಳು ಗಟ್ಟಿ, ಹೆಂಚು ಚೆನ್ನಾಗಿ ಕೂತಿತು. ಆದರೆ ಊರಲ್ಲಿ ನೆಲದ ಮೇಲೆ ಕೂತು ಬಡಿಯುತ್ತಿದ್ದ ರೊಟ್ಟಿಯನ್ನು ಇಲ್ಲಿ ನಿಂತು ಬಡಿಯಬೇಕು. ಮೊದಮೊದಲು ಅವಳ ರೊಟ್ಟಿ ಕರ್ನಾಟಕದ ನಕ್ಷೆಯಂತೆ ಬರುತ್ತಿತ್ತು. ಬರ್ನರಿನ ತೂತುಗಳಲ್ಲಿ ದೂಳು ಕೂತು ಉರಿ ಹಳದಿಯಾಗುತ್ತಿತ್ತು. ದಿನಾ ಮುಂಜಾನೆ ಪಿನ್ನು ಹಿಡಿದು ಒಂದೊಂದೇ ತೂತು ಚುಚ್ಚಿ ಬಿಡಿಸುವಳು. ಕೆಳಗಿನ ಓವನ್ನಿನಲ್ಲಿ ಏನು ನಡೆದಿದೆ ಅಂತ ನಾನು ಕೇಳಲಿಲ್ಲ. ಒಲೆಯ ಮುಂದೆ ಬಗ್ಗುವ ಗಂಡಸು ನಾನಲ್ಲ.

ಚಳಿ ಶುರುವಾದಾಗ ಕೂಸಿಗೆ ಕೆಮ್ಮು ಹತ್ತಿತು. ಇಳಿಯಲಿಲ್ಲ. ಸಂಡೂರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಎಲ್ಲಿ ಮನೆ?" ಅಂದರು. ಹೇಳಿದೆ. "ಊರಿದೆಯಾ ನಿಮಗೆ?" ಅಂದರು. ಅಷ್ಟೇ. ಔಷಧಿ ಬರೆದರು.

ಬಸ್ಸಿನಲ್ಲಿ ನೀಲಮ್ಮ ಕಿಟಕಿ ಮುಚ್ಚಿ ಹೇಳಿದಳು, "ದೂಳಿಲ್ಲದ ಮನಿ ನೋಡ್ರಿ. ಇಲ್ಲಾಂದ್ರ ನಾ ಇವನ್ನ ಕರಕೊಂಡು ಕಂಪ್ಲಿಗೆ ಹೊಕ್ಕೀನಿ. ಸಿಟ್ಟಿಲೆ ಹೇಳಾಕ ಹತ್ತಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ಚಿಂತೆ ಇರಲಿಲ್ಲ. ನನಗೆ ಇಬ್ಬರೂ ಇಲ್ಲೇ ಬೇಕಿತ್ತು. ಶಿಫ್ಟ್ ಮುಗಿಸಿ ಖಾಲಿ ಮನೆಯ ಬೀಗ ತೆಗೆಯುವವರನ್ನು ಸಾಲಿನಲ್ಲಿ ದಿನಾ ನೋಡುತ್ತಿದ್ದೆ. ಅನ್ನಕ್ಕೆ ಉಪ್ಪಿನಕಾಯಿ ಕಲಸಿ ಬಾಗಿಲಲ್ಲಿ ಕೂತು ತಿನ್ನುವರು. ಹಾಗೆ ಆಗಬಾರದು ಅಂತಿದ್ದೆ.

ಗುಡ್ಡದ ಹಿಂದೆ, ಲಾರಿ ರಸ್ತೆಯಿಂದ ದೂರ, ಕ್ವಾರ್ಟರ್ಸ್ ಇದ್ದವು. ತಾರಸಿ ಮನೆ, ಕಿಟಕಿಗೆ ಗಾಜು. ಯಾರಿಗೆ ಕೊಡಬೇಕು ಅನ್ನುವುದು ನಮ್ಮ ಸೂಪರ್‌ವೈಸರ್ ಬಾಯಲ್ಲಿತ್ತು. ಬೆಂಗಳೂರು ಕಡೆಯವರು. ಕೇಳಿದೆ. "ನೋಡೋಣ" ಅಂದರು. ಭಾನುವಾರ ರೊಟ್ಟಿ ಊಟಕ್ಕೆ ಬನ್ನಿ ಅಂತ ಕರೆದೆ. ಬರುತ್ತೇನೆ ಅಂದರು. ನೀಲಮ್ಮನಿಗೆ ಹೇಳಿದೆ, "ಸಾಹೇಬ್ರು ಊಟಕ್ಕ ಬರ್ತಾರ. ಅವರು ಮನಸ್ಸು ಮಾಡಿದ್ರ ಆ ಮನಿ ನಮಗ."

ಅವಳು ಹಿಂದಿನ ದಿನವೇ ಶೇಂಗಾ ಹುರಿದಳು. ಎಣ್ಣೆಗಾಯಿ ಮಾಡಿದಳು. ಈರಮ್ಮನ ಮನೆಯಿಂದ ಕುರ್ಚಿ ತಂದೆ. ಸೂಪರ್‌ವೈಸರ್ ಹೆಂಡತಿಯ ಜೊತೆ ಬಂದರು. ಆಕೆಯ ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ.

"ಓವನ್ ಇದೆ ಅಂತ ಊರೆಲ್ಲ ಹೇಳ್ಕೊಂಡು ಬಂದಿದೀಯಲ್ಲ," ಅಂದರು. "ಇವತ್ತು ಮಗಳ ಹುಟ್ಟಿದ ದಿನ. ನಮ್ಮನೇದು ಕೆಟ್ಟಿದೆ. ಇವಳು ಕೇಕಿನ ಹಿಟ್ಟು ಕಲಸ್ಕೊಂಡೇ ಬಂದ್ಬಿಟ್ಳು. ನಾವು ಊಟ ಮಾಡೋ ಹೊತ್ತಿಗೆ ಬೆಂದಿರುತ್ತೆ."

"ಅದಕ್ಕೇನ್ರಿ ಸರ್," ಅಂದೆ. ನೀಲಮ್ಮ ಒಳಗಿನಿಂದ ಏನೋ ಹೇಳಲು ಬಂದಳು. ಅಷ್ಟರಲ್ಲಿ ಸಾಹೇಬರ ಹೆಂಡತಿ ಬಗ್ಗಿ ಓವನ್ನಿನ ಬಾಗಿಲು ತೆಗೆದಾಗಿತ್ತು.

ಮೇಲಿನ ತಂತಿಯ ತಟ್ಟೆಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ, ಒಣಗಿಸಿಟ್ಟ ಕಟಕ ರೊಟ್ಟಿ. ಕೆಳಗಿನದರಲ್ಲಿ ಕೂಸಿನ ಅಂಗಿ, ಕುಲಾವಿ, ಮಡಚಿದ ಲಂಗೋಟಿಗಳು, ಹಾಲಿನ ಬಾಟಲಿ, ಔಷಧಿಯ ಶೀಶೆ. ಹಿಂದೆ ಬಿಸಿಗಾಳಿ ಹೋಗುವ ತೂತಿಗೆ ಅರಿವೆ ತುರುಕಿತ್ತು. ಎಲ್ಲವೂ ಬೆಳ್ಳಗೆ. ಆ ಮನೆಯಲ್ಲಿ ಅಷ್ಟು ಬಿಳುಪು ನಾನು ನೋಡಿರಲಿಲ್ಲ.

ಸೂಪರ್‌ವೈಸರ್ ಇಣುಕಿದರು. "ಏನಯ್ಯಾ ಇದು? ಮಗೂನ ಬೇಯಿಸ್ತೀರಾ ಇದ್ರಲ್ಲಿ?"

ನಾನು ನಕ್ಕೆ. ಅವರ ಜೊತೆ, ಅವರಿಗಿಂತ ಜೋರಾಗಿ ನಕ್ಕೆ. ಆಮೇಲೆ ನೀಲಮ್ಮನ ಕಡೆ ತಿರುಗಿದೆ. "ಬುದ್ಧಿ ಐತೇನು ನಿನಗ? ಇದೇನು ಟ್ರಂಕ್ ಅಂದ್ಕೊಂಡಿ? ನಾಕು ಮಂದ್ಯಾಗ ಮಾನ ಕಳದಿ."

ಅವಳು ನನಗೆ ಹೇಳಲಿಲ್ಲ. ಆ ಹೆಣ್ಣುಮಗಳಿಗೆ ಹೇಳಿದಳು. "ಇದರೊಳಗ ದೂಳು ಬರಂಗಿಲ್ರಿ ಅಕ್ಕಾರ. ಇಡೀ ಮನ್ಯಾಗ ಇದೊಂದ ಜಾಗ. ಕೂಸಿಗೆ ಉಸಿರು ಆಡಂಗಿದ್ರ ಕೂಸನ್ನೂ ಇಡ್ತಿದ್ದೆ."

ಒಳಗೆ ಕೂಸು ಕೆಮ್ಮಿತು. ಆಕೆ ಓವನ್ನಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. "ಕೇಕ್ ಬೇಡ ಬಿಡಮ್ಮ."

"ಯಾಕ್ರಿ? ನಿಮ್ಮದೂ ಕೂಸಿನ ಹಬ್ಬ. ಮಾಡ್ರಿ." ನೀಲಮ್ಮ ಒಂದೊಂದೇ ತೆಗೆದು ಮಂಚದ ಮೇಲೆ ಇಟ್ಟಳು. ಅರಿವೆ ಎಳೆದು ತೆಗೆದಳು. ತಾನೇ ಹತ್ತಿಸಿ ಕೊಟ್ಟಳು.

ಅಂಗಡಿಯಲ್ಲಿ ಅವಳು ಒಲೆ ನೋಡಿರಲೇ ಇಲ್ಲ, ಬಾಗಿಲು ನೋಡಿದ್ದಳು. ಅದು ನನಗೆ ಆಗ ತಿಳಿಯಿತು, ಅವರೆಲ್ಲರ ಎದುರಿಗೆ, ನಕ್ಕು ಮುಗಿಸಿದ ಮೇಲೆ. ಊಟದಲ್ಲಿ ನಾನು ತಲೆ ಎತ್ತಲಿಲ್ಲ. ಕೇಕು ಚೆನ್ನಾಗಿ ಉಬ್ಬಿತು. ಅದು ಉಬ್ಬುವಷ್ಟರಲ್ಲಿ ಮಂಚದ ಮೇಲಿನ ಅಂಗಿಗಳ ಮಡಿಕೆಯಲ್ಲಿ ಕೆಂಪು ಕೂತಿತ್ತು. ನೀಲಮ್ಮ ಬೆರಳಿನಿಂದ ಒರೆಸಿ ನೋಡಿದಳು, ಯಾರಿಗೂ ತೋರಿಸಲಿಲ್ಲ.

ಮುಂದಿನ ವಾರ ಕ್ವಾರ್ಟರ್ಸ್ ವಿಷಯ ಕೇಳಿದೆ. ಸೂಪರ್‌ವೈಸರ್ ಬೇರೆ ಕಡೆ ನೋಡುತ್ತಾ ಹೇಳಿದರು, "ಅದು ಡಿಪ್ಲೊಮಾ ಆದವರಿಗೆ ಕಣಯ್ಯ. ನನ್ನ ಕೈಲಿಲ್ಲ." ಮೊದಲೇ ಹೇಳಬಹುದಿತ್ತು. ನಾನೂ ಮೊದಲೇ ತಿಳಿಯಬಹುದಿತ್ತು.

ಮನೆಗೆ ಬಂದು ಹೇಳಿದೆ. ನೀಲಮ್ಮ ಜಗಳ ತೆಗೆಯಲಿಲ್ಲ. ಗಂಟು ಕಟ್ಟಿದಳು. "ನೀವೂ ಬರ್ರಿ" ಅಂದಳು, ಒಂದೇ ಸಲ. ಯಂತ್ರ ಬಿಟ್ಟು ಮತ್ತೆ ಮಿಲ್ಲಿನ ಟ್ರ್ಯಾಕ್ಟರಿಗೆ ಹೋಗಲು ನನಗೆ ಮನಸ್ಸಾಗಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲೂ ಆಗಲಿಲ್ಲ. ಅವಳು ತಿಳಿದುಕೊಂಡಳು. ಬಸ್ಸು ಹತ್ತಿಸಿ ಬಂದಾಗ ಈರಮ್ಮ ಬಾಗಿಲಲ್ಲಿದ್ದಳು. "ಮಾರಿ ಸಣ್ಣದು ಮಾಡಬ್ಯಾಡಪಾ. ಕೂಸು ಉಳೀಲಿ. ನನ್ನವು ಎಲ್ಲಾ ಇಲ್ಲೇ ಬೆಳದಾವ, ಇವತ್ತಿಗೂ ಕೆಮ್ಮತಾವ."

ಈಗ ರಜೆ ಸಿಕ್ಕಾಗ ಕಂಪ್ಲಿಗೆ ಹೋಗುತ್ತೇನೆ. ಕೂಸಿನ ಕೆಮ್ಮು ನಿಂತಿದೆ. ಗೋಡೆ ಹಿಡಿದು ನಡೆಯುತ್ತಾನೆ. ಇಲ್ಲಿ ನನ್ನನ್ನು ಕಂಪ್ಲಿಯವ ಅನ್ನುತ್ತಾರೆ. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯರು "ಬಂದ್ರಲೇ ಸಂಡೂರು ಸಾವ್ಕಾರ್ರು" ಅನ್ನುತ್ತಾರೆ. ಅಲ್ಲಿ ರಾತ್ರಿ ಲಾರಿಯ ಸದ್ದಿಲ್ಲದೆ ನಿದ್ದೆ ಹತ್ತುವುದಿಲ್ಲ. ಇಲ್ಲಿ ಸದ್ದು ಕೇಳುತ್ತಾ ಮಲಗಿದರೆ ಕೂಸಿನ ಕೆಮ್ಮು ಕೇಳಿದ ಹಾಗಾಗಿ ಎದ್ದು ಕೂರುತ್ತೇನೆ.

ಹೋದ ಸಲ ಹೋದಾಗ ಅಂಗಳ ದಾಟಿ ತೊಟ್ಟಿಯ ಕಡೆ ನಡೆದೆ. ನಮ್ಮ ಮನೆಯಲ್ಲಿ ಎಲ್ಲರೂ ಅಲ್ಲೇ ನೀರು ಮೊಗೆದುಕೊಂಡು ಕಾಲು ತೊಳೆಯುತ್ತಾರೆ, ಹುಟ್ಟಿದಾಗಿನಿಂದ ನಾನೂ ಅಲ್ಲೇ ತೊಳೆದವನು. ಹೊರಗಿನಿಂದ ಬಂದ ನೆಂಟರಿಗೆ ಮಾತ್ರ ಮನೆಯ ಹೆಂಗಸು ತಂಬಿಗೆ ನೀರು ತಂದು ಬಾಗಿಲಲ್ಲಿ ಕೊಡುತ್ತಾಳೆ.

ನೀಲಮ್ಮ ತಂಬಿಗೆ ಹಿಡಿದು ಬಾಗಿಲಿಗೆ ಬಂದಳು. "ಕಾಲಿಗೆ ನೀರು ತಗೊಳ್ರಿ. ವಾಪಸ್ ಯಾವಾಗ ಹೊಕ್ಕೀರಿ?"

ಅವಳ ಮುಖದಲ್ಲಿ ಕೊಂಕು ಇರಲಿಲ್ಲ. ತಾನು ಏನು ಮಾಡಿದೆ ಅನ್ನುವುದು ಅವಳಿಗೂ ಗೊತ್ತಾಗಿರಲಿಕ್ಕಿಲ್ಲ. ಒಳಗಿನಿಂದ ಕೂಸು ಇಣುಕಿ ನನ್ನನ್ನು ನೋಡಿ ಅವಳ ಸೀರೆ ಹಿಡಿದುಕೊಂಡಿತು. ನಾನು ತೊಟ್ಟಿಯ ಕಡೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು ತಂಬಿಗೆಯನ್ನು ಎರಡೂ ಕೈಯಿಂದ ತಗೊಂಡೆ, ಬೀಗರು ತಗೊಳ್ಳುವ ಹಾಗೆ.

"ನಾಳೆ," ಅಂದೆ.