ಆಚೆ ಬದಿಯಲ್ಲಿ ಹಿಡಿದವರು

ಬೆಡ್‌ಶೀಟಿನ ಎರಡು ತುದಿಗಳು ಹಗ್ಗದಂತೆ ಹೊಸೆದುಕೊಂಡು ಮೇಜಿನ ಆಚೆ ಬದಿಗೆ ಜೋತುಬಿದ್ದಿದ್ದವು. ಯಾರೋ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಆಗಷ್ಟೇ ಬಿಟ್ಟಂತೆ ಅಲ್ಲಿ ಸುಕ್ಕುಗಳಿದ್ದವು. ಬಟ್ಟೆ ಆ ಜಾಗದಲ್ಲಿ ಮಾತ್ರ ಬೆವರಿನಿಂದ ತುಸು ಒದ್ದೆಯಾಗಿತ್ತು.

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ, ಅವರಿಗೆ ಜ್ವರವಿದ್ದಿರಬೇಕು, ನಿದ್ದೆಗೆಟ್ಟಿದ್ದಿರಬೇಕು ಎಂದುಕೊಂಡು ನಾನು ಸುಮ್ಮನಾಗುತ್ತಿದ್ದೆ. ಈಗಲೂ ದೆವ್ವಗಳಲ್ಲಿ ನನಗೆ ನಂಬಿಕೆಯಿಲ್ಲ. ನೀವು ನಂಬಬೇಕೆಂದೂ ಇದನ್ನು ಬರೆಯುತ್ತಿಲ್ಲ. ಕೆಲವು ವರ್ಷಗಳಿಂದ ಇದು ನನಗೆ ಬಗೆಹರಿಯದೆ ಉಳಿದಿದೆ, ಅಷ್ಟೆ.

ಎಂಬಿಬಿಎಸ್ ಮುಗಿಸಿ ಕಡ್ಡಾಯ ಗ್ರಾಮೀಣ ಸೇವೆಗೆಂದು ಗಣೇಶಗುಡಿಯಿಂದ ಉಳವಿ ಕಡೆಗೆ ಹೋಗುವ ದಾರಿಯ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ನನಗೆ ಮೂಳೆ ವೈದ್ಯೆಯಾಗಬೇಕಿತ್ತು. ಅದಕ್ಕೆ ಇನ್ನೊಂದು ಪ್ರವೇಶ ಪರೀಕ್ಷೆ ಬರೆದು, ಸೀಟು ಸಿಕ್ಕಿದರೆ ಮೂರು ವರ್ಷ ಎಂಎಸ್ ಓದಬೇಕು. ಬೇರೇನನ್ನೂ ಓದುವ ಆಸೆ ನನಗಿರಲಿಲ್ಲ. ಇಂಟರ್ನ್‌ಷಿಪ್ಪಿನಲ್ಲಿ ಇದನ್ನು ಹೇಳಿದಾಗ ನಮ್ಮ ಪ್ರೊಫೆಸರರು ಎಲ್ಲರ ಮುಂದೆ ನಕ್ಕಿದ್ದರು. “ಇದು ಎತ್ತಿನ ಕೆಲಸ ಐತವಾ. ನೀ ಸ್ಕಿನ್ ಡಾಕ್ಟರ್ ಆಗು.” ಉಳಿದವರೂ ನಕ್ಕರು. ಒಂದು ದಿನ ಮಾಡಿ ತೋರಿಸಿದರಾಯಿತು ಎಂದುಕೊಂಡಿದ್ದೆ.

ಈ ಶೀಟಿನ ಘಟನೆ ನಡೆದ ದಿನ ಮಧ್ಯಾಹ್ನ ಕೊನೆಯ ಸುತ್ತಿನ ಸೀಟು ಹಂಚಿಕೆ ಪ್ರಕಟವಾಗಿತ್ತು. ನನಗೆ ಬಂದದ್ದು ಪೆಥಾಲಜಿ, ಅಂದರೆ ಸೂಕ್ಷ್ಮದರ್ಶಕದ ಮುಂದೆ ಕೂರುವ ಕೆಲಸ. ಮರುದಿನದೊಳಗೆ ಒಪ್ಪಿಕೊಳ್ಳಬೇಕು, ಇಲ್ಲವೇ ಅದನ್ನೂ ಬಿಟ್ಟು ಮತ್ತೊಮ್ಮೆ ಪರೀಕ್ಷೆಗೆ ಕೂರಬೇಕು. ಹಿಂದಿನ ವರ್ಷವೂ ಹೀಗೆ ಬಿಟ್ಟಿದ್ದೆ. ಏನು ಮಾಡುವುದೆಂದು ತೋಚದೆ ಕುಳಿತಿದ್ದಾಗ ಜೀಪೊಂದು ಬಂದು ಒಬ್ಬನನ್ನು ಇಳಿಸಿ ಹೋಯಿತು.

ಅವನ ಹೆಸರು ಅಂತೋನ್. ಹಳಿಯಾಳ ಕಡೆಯ ಸಿದ್ದಿ ತರುಣ, ಗಣೇಶಗುಡಿಯಲ್ಲಿ ರಾಫ್ಟಿಂಗ್ ಗೈಡ್. ಉಳವಿಯಿಂದ ಮರಳುವಾಗ, ಗಾಳಿಗೆ ರಸ್ತೆಗೆ ಬಿದ್ದಿದ್ದ ಕೊಂಬೆಗಳ ಮೇಲೆ ಅವನ ಬೈಕು ಜಾರಿತ್ತು. ಬಲಭುಜದ ದುಂಡು ಮಾಯವಾಗಿ ಚೌಕಾಕಾರವಾಗಿತ್ತು. ಕೀಲು ತಪ್ಪಿದೆ ಎನ್ನುವುದು ಬಾಗಿಲಿನಿಂದಲೇ ಕಾಣುತ್ತಿತ್ತು.

“ಹೊಳ್ಯಾಗ ಬಿದ್ದವ್ರನ್ನ ಎತ್ತಾಂವ ನಾ. ನಾನs ರಸ್ತಾದಾಗ ಬಿದ್ದೆ ನೋಡ್ರಿ” ಎಂದು ನಗಲು ನೋಡಿದ. ಆಮೇಲೆ ಮೆಲ್ಲಗೆ, “ಬೆರಳ ಜುಮ್ ಅನ್ನಾಕತ್ತಾವ್ರಿ ಮೇಡಂ” ಎಂದ.

ಎಕ್ಸ್‌ರೇ ತೆಗೆಸದೆ ಮುಟ್ಟಬಾರದು, ದಾಂಡೇಲಿಗೆ ಕಳಿಸಬೇಕು. ಆದರೆ ಮುಂದೆ ರಸ್ತೆಗೆ ಅಡ್ಡಲಾಗಿ ದೊಡ್ಡ ಮರವೇ ಉರುಳಿದೆ, ಸಂಜೆಯವರೆಗೆ ದಾರಿ ತೆರೆಯುವುದಿಲ್ಲ ಎಂದು ಹೇಳಿ ಜೀಪಿನವನು ಬಂದ ದಾರಿಯಲ್ಲೇ ಮರಳಿದ್ದ. ಅಷ್ಟರಲ್ಲಿ ನರಕ್ಕೆ ಪೆಟ್ಟಾದರೆ ಆ ಕೈ ಮತ್ತೆ ರಾಫ್ಟಿನ ಹುಟ್ಟು ಹಿಡಿಯಲಾರದು. ಕೂರಿಸಿಯೇಬಿಡುವುದೆಂದು ನಿರ್ಧರಿಸಿದೆ.

ತಪ್ಪಿದ ಭುಜವನ್ನು ಕೂರಿಸಲು ಇಬ್ಬರು ಬೇಕು. ಮಡಿಸಿದ ಬೆಡ್‌ಶೀಟನ್ನು ರೋಗಿಯ ಕಂಕುಳಡಿಯಿಂದ ಎದೆಗೆ ಸುತ್ತಿ, ಆಚೆ ಬದಿಯಲ್ಲಿ ಒಬ್ಬರು ಅದರ ತುದಿಗಳನ್ನು ಹಿಡಿದು ನಿಲ್ಲಬೇಕು. ಈಚೆ ಬದಿಯಲ್ಲಿ ವೈದ್ಯರು ಕೈಯನ್ನು ಎಳೆಯಬೇಕು. ಹಿಡಿಯುವವರಿಲ್ಲದಿದ್ದರೆ ರೋಗಿಯೇ ಎಳೆದತ್ತ ಜಾರಿ ಬರುತ್ತಾನೆ. ನನ್ನೊಡನೆ ಇದ್ದವರು ದಾಂಡೇಲಿಯ ಶಮೀಮ್ ಸಿಸ್ಟರ್ ಒಬ್ಬರೇ. ಇಂಜೆಕ್ಷನ್ ಕೊಟ್ಟು, ಅದು ಹತ್ತುವಷ್ಟರಲ್ಲಿ, ದಾರಿ ತೆರೆದೊಡನೆ ಬರುವಂತೆ ಆಂಬುಲೆನ್ಸಿಗೆ ಫೋನ್ ಮಾಡಿ ಬರುತ್ತೇನೆಂದು ಅವರು ಹೊರಟರು. ಫೋನ್ ಸಿಗುತ್ತಿದ್ದುದು ರಸ್ತೆಯ ಏರಿನ ಮೇಲೆ ಮಾತ್ರ.

ಶೀಟು ಸುತ್ತಿ ಅವನ ಮಣಿಕಟ್ಟು ಹಿಡಿದೆ. ಹಿಂದೆ ಹೆಜ್ಜೆಯ ಸಪ್ಪಳವಾಯಿತು, ಯಾರೋ ಮೇಜನ್ನು ಬಳಸಿ ಆಚೆ ಹೋದರು. ನನ್ನ ಕಣ್ಣು ಅವನ ಭುಜದ ಮೇಲಿತ್ತು. “ಹಿಡೀರಿ ಸಿಸ್ಟರ್” ಎಂದೆ. ಶೀಟು ಬಿಗಿಯಿತು. ನಿಧಾನವಾಗಿ ಎಳೆಯತೊಡಗಿದೆ. ಇನ್ನೂ ಸ್ವಲ್ಪ ಎಂದಾಗ ಅದು ಇನ್ನೂ ಬಿಗಿಯಿತು. ಅಷ್ಟು ಸಮನಾದ ಹಿಡಿತವನ್ನು ದೊಡ್ಡ ಆಸ್ಪತ್ರೆಯಲ್ಲೂ ನಾನು ಕಂಡಿರಲಿಲ್ಲ. ಸ್ನಾಯುಗಳು ಸಡಿಲಾದವು. ನನ್ನ ಅಂಗೈಯೊಳಗೆ ಲೊಟಕ್ಕೆಂದು ಮೂಳೆ ತನ್ನ ಜಾಗಕ್ಕೆ ಸೇರಿತು.

ತಲೆಯೆತ್ತಿದೆ. ಆಚೆ ಬದಿಯಲ್ಲಿ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಶಮೀಮ್ ಸಿಸ್ಟರ್ ಏದುಸಿರು ಬಿಡುತ್ತ ಒಳಗೆ ಬಂದರು. “ಲೈನ್ ಸಿಗಲಿಲ್ರಿ ಮೇಡಂ. ಈಗ ಹಿಡಿಯೂಣೇನು?”

ಅಂತೋನ್ ಮಂಪರಿನಲ್ಲಿಯೇ ಕಣ್ಣು ಬಿಟ್ಟು ಅವರನ್ನು ನೋಡಿದ. “ಇವರಲ್ಲರಿ. ಹಿಡದಾಕಿ ಎಲ್ಲಿ ಹೋದ್ಳು?”

ಮೇಜಿಗೆ ಶೀಟು ಸಿಕ್ಕಿಕೊಳ್ಳುವಂಥ ಮೊಳೆಯಾಗಲಿ ಸರಳಾಗಲಿ ಇರಲಿಲ್ಲ. ಅವನ ಮೈಭಾರವೇ ಅವನನ್ನು ಹಿಡಿದಿರಬಹುದು. ಅವನ ಮಾತಿಗೆ ಇಂಜೆಕ್ಷನ್ ಕಾರಣವಿರಬಹುದು. ನನಗೆ ಕೇಳಿದ ಹೆಜ್ಜೆಗೆ ಏನು ಕಾರಣ? ಸಿಸ್ಟರ್ ಮಾತ್ರ ಹೆಚ್ಚು ಯೋಚಿಸಲಿಲ್ಲ. “ಯಾರರ ಹಿಡೀಲಿ ಬಿಡ್ರಿ. ಕೂತೈತಲ್ಲ, ಸಾಕು” ಎಂದರು.

ನನಗೆ ಸಾಕಾಗಲಿಲ್ಲ. ಅದು ನಾನು ಕೂರಿಸಿದ ಮೊದಲ ಭುಜ. ಸಂಜೆ ದಾರಿ ತೆರೆದ ಮೇಲೆ ದಾಂಡೇಲಿಗೆ ಹೋದ ಅಂತೋನ್, ಎಕ್ಸ್‌ರೇ ನೋಡಿದ ವೈದ್ಯರು ಚೆನ್ನಾಗಿ ಕೂರಿಸಿದ್ದಾರೆ ಎಂದರೆಂದು ಏರಿನ ಮೇಲೆ ಹೋಗಿ ಫೋನ್ ಮಾಡಿದ ಸಿಸ್ಟರಿಗೆ ತಿಳಿಸಿದ. ಇಷ್ಟು ವರ್ಷ ನಾನು ಕಾದಿದ್ದ ಮಾತು ಅದು. ಆದರೆ ಅದನ್ನು ನನ್ನದೆಂದು ತೆಗೆದುಕೊಳ್ಳಲು ಆಗಲಿಲ್ಲ. ಎಳೆದವಳ ಶಕ್ತಿ ಎಷ್ಟು, ಹಿಡಿದವರ ಶಕ್ತಿ ಎಷ್ಟು ಎಂದು ಯಾರನ್ನು ಕೇಳಲಿ? ನನ್ನಿಂದ ಆಗುತ್ತದೆ ಎನ್ನುವುದಕ್ಕೆ ಒಂದೇ ಸಾಕ್ಷಿಯಾಗಿದ್ದ ಆ ಕೆಲಸವೇ ನನ್ನಿಂದ ಆಗಿರಲಿಲ್ಲವೇನೋ.

ಮರುದಿನ ಬೆಳಿಗ್ಗೆ ರೋಗಿಗಳು ಬರುವ ಮುಂಚೆ ಶಮೀಮ್ ಸಿಸ್ಟರನ್ನು ಅದೇ ಮೇಜಿನ ಮೇಲೆ ಮಲಗಲು ಹೇಳಿದೆ. ಅವರ ಎದೆಗೆ ಶೀಟು ಸುತ್ತಿ, ತುದಿಗಳನ್ನು ಆಚೆಗೆ ಹಾಗೇ ಬಿಟ್ಟು, ಕೈ ಹಿಡಿದು ಮೆಲ್ಲಗೆ ಎಳೆದೆ. ಅವರು ಮೇಜಿನ ಅಂಚಿನವರೆಗೆ ಜಾರಿ ಬಂದರು. “ನಾನs ಬಂದೆ ನೋಡ್ರಿ” ಎಂದು ನಕ್ಕರು. ಅಂತೋನ್ ಅವರಿಗಿಂತ ಬಹಳ ಭಾರದವನು, ಇದರಿಂದ ಏನೂ ಸಿದ್ಧವಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಶೀಟನ್ನು ಒಗೆಯಲು ಹಾಕಿ ರಸ್ತೆಯ ಏರು ಹತ್ತಿದೆ. ಫೋನಿನಲ್ಲಿ ಸಿಗ್ನಲ್ ಕಾಣಿಸಿಕೊಳ್ಳುವವರೆಗೆ ನಿಂತಿದ್ದು, ಪೆಥಾಲಜಿ ಸೀಟನ್ನು ಒಪ್ಪಿಕೊಂಡೆ.